ಯಕ್ಷಗಾನದ ಹಿಮ್ಮೇಳ ತರಗತಿಗೆ ಸರ್ಕಾರದ ಸಹಾಯ ಎಲ್ಲಿಯಾದರೂ ಉಂಟಾ? ಕಾರ್ಯಕ್ರಮಕ್ಕೆ ಅಲ್ಲ, ತರಗತಿಗೆ

ಮದ್ದಳೆ ಮಾಷ್ಟ್ರು (ಬದಿಯಡ್ಕದ ಹತ್ತಿರ):

ನಮಸ್ಕಾರ. ಪ್ರಶ್ನೆ ಒಂದೇ. ಆದರೆ ಅದರ ಹಿಂದಿನ ಕತೆ ಸ್ವಲ್ಪ ಉದ್ದ ಉಂಟು, ಸುಧಾರಿಸಿಕೊಳ್ಳಿ.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ ಒಂದು ಭಜನಾ ಮಂದಿರ. ಅಲ್ಲಿ ಪ್ರತಿ ಶನಿವಾರ ಊಟ ಆದ ಮೇಲೆ ಮಕ್ಕಳಿಗೆ ಚಂಡೆ, ಮದ್ದಳೆ ಹೇಳಿಕೊಡುತ್ತೇನೆ. ಹದಿನಾಲ್ಕು ವರ್ಷ ಆಯಿತು. ಈಗ ಹತ್ತೊಂಬತ್ತು ಮಕ್ಕಳು. ಏಳು ಮಂದಿಯ ಮನೆಮಾತು ಮಲಯಾಳ, ಇಬ್ಬರದ್ದು ಮರಾಟಿ, ಉಳಿದವರದ್ದು ತುಳು, ಹವ್ಯಕ. ತಾಳದ ಬಾಯಿಪಾಠಕ್ಕೆ ಮನೆಮಾತು ಯಾವುದಾದರೇನು, ಏಕತಾಳದಿಂದ ಶುರುಮಾಡಿ ಝಂಪೆ, ತ್ರಿಪುಟೆ ದಾಟಿ ಅಷ್ಟತಾಳಕ್ಕೆ ಬರುವಾಗ ಎಲ್ಲರೂ ಒಂದೇ ಕಡೆ ತಪ್ಪುತ್ತಾರೆ. ಫೀಸು ತೆಗೆದುಕೊಳ್ಳುವುದಿಲ್ಲ. ದೊಡ್ಡತನ ಅಲ್ಲ ಮಾರಾಯ್ರೆ, ಕೇಳಿದರೆ ಮರುವಾರಕ್ಕೆ ಹತ್ತೊಂಬತ್ತು ಹೋಗಿ ಒಂಬತ್ತಾಗುತ್ತದೆ.

ಖರ್ಚು ಇರುವುದು ವಾದ್ಯಕ್ಕೆ. ಆಟಿ ತಿಂಗಳಲ್ಲಿ ನಮ್ಮ ಕಡೆ ಮಳೆ ಹೇಗೆ ಅಂತ ಗೊತ್ತಲ್ಲ. ಮದ್ದಳೆಯ ಶ್ರುತಿ ನಿಲ್ಲುವುದೇ ಇಲ್ಲ. ಚಂಡೆಯನ್ನು ಮಂದಿರದ ಹಿಂದಿನ ಅಡಿಗೆಕೋಣೆಯಲ್ಲಿ ಒಲೆಯ ಬದಿಗೆ ಇಟ್ಟು ಬಿಸಿ ಮಾಡಿ ತಂದರೆ ಇಪ್ಪತ್ತು ನಿಮಿಷ ಮಾತಾಡುತ್ತದೆ, ಆಮೇಲೆ ಒದ್ದೆ ಗೋಣಿಗೆ ಬಡಿದ ಹಾಗೆ. ಈ ಸಲ ಎರಡು ಮದ್ದಳೆಯ ಬಲಮುಚ್ಚಿಗೆ (ಬಲಬದಿಯ ಚರ್ಮ) ಹರಿಯಿತು, ಒಂದರ ಕರ್ಣ (ಚರ್ಮದ ನಡುವಿನ ಕಪ್ಪು ಲೇಪ) ಎದ್ದು ಬಂತು.

ಸಹಾಯಧನಕ್ಕೆ ಅರ್ಜಿ ಹಾಕಲಿಲ್ಲ ಅಂತ ಅಲ್ಲ. ಒಂದು ಕಚೇರಿಯಿಂದ ಒಮ್ಮೆ ಹಣ ಬಂತು, ಸುಳ್ಳು ಹೇಳಬಾರದು. ಆದರೆ ಬಂದದ್ದು ‘ಕಾರ್ಯಕ್ರಮ’ಕ್ಕೆ. ಶಾಮಿಯಾನ, ಸೌಂಡು, ಫ್ಲೆಕ್ಸು, ಶಾಲು, ಹಾರ, ಸ್ಮರಣಿಕೆ. ನಾಲ್ಕು ಗಂಟೆಯ ಕಾರ್ಯಕ್ರಮದಲ್ಲಿ ಮಕ್ಕಳ ಕೈಗೆ ಸಿಕ್ಕಿದ್ದು ಮೂವತ್ತೈದು ನಿಮಿಷ. ನಾನೇ ಗಡಿಯಾರ ನೋಡುತ್ತಾ ಕೂತಿದ್ದೆ. ಲೆಕ್ಕ ಒಪ್ಪಿಸುವಾಗ ಉಳಿದ ಹಣದಲ್ಲಿ ‘ಮುಚ್ಚಿಗೆ ರಿಪೇರಿ, ಎರಡು ಮದ್ದಳೆ’ ಅಂತ ಒಂದು ಬಿಲ್ಲು ಸೇರಿಸಿದೆ. ಕೆಂಪು ಪೆನ್ನಿನಲ್ಲಿ ಗೀಟು ಎಳೆದು ‘ಕಾರ್ಯಕ್ರಮಕ್ಕೆ ಸಂಬಂಧಿಸಿಲ್ಲ’ ಅಂತ ಬರೆದು ವಾಪಸು ಕಳಿಸಿದರು. ಫ್ಲೆಕ್ಸಿನ ಬಿಲ್ಲು ಪಾಸಾಯಿತು. ಆ ಫ್ಲೆಕ್ಸು ಈಗ ಪಕ್ಕದ ಮನೆಯ ಅಡಿಕೆ ರಾಶಿಯ ಮೇಲೆ ಉಂಟು, ಅಲ್ಲಿಗಾದರೂ ಉಪಕಾರ ಆಯಿತು.

ಹಾಗಾಗಿ ಕೇಳುವುದು: ಬೆಂಗಳೂರಿನದ್ದಾಗಲಿ, ತಿರುವನಂತಪುರದ್ದಾಗಲಿ, ದೆಹಲಿಯದ್ದಾಗಲಿ, ವರ್ಷವಿಡೀ ನಡೆಯುವ ತರಗತಿಗೆ ಹಣ ಕೊಡುವ ಯೋಜನೆ ಉಂಟಾ? ಇದ್ದರೆ ಎಲ್ಲಿ, ಹೇಗೆ?

*

ನಿವೃತ್ತ ಗುಮಾಸ್ತ (ಕುಂಬಳೆ):

ಮಾಷ್ಟ್ರೆ, ಉಂಟು. ಆದರೆ ನೀವು ತಪ್ಪು ಬಾಗಿಲು ತಟ್ಟಿದ್ದೀರಿ. ಸರ್ಕಾರದ ಕಡತದಲ್ಲಿ ‘ಧನಸಹಾಯ’ ಅಂದರೆ ಹೆಚ್ಚಾಗಿ ಕಾರ್ಯಕ್ರಮವೇ. ನಿಮಗೆ ಬೇಕಾದ್ದು ‘ಗುರು-ಶಿಷ್ಯ ಪರಂಪರೆ’ ಅಂತ ಹೆಸರಿರುವ ಯೋಜನೆ. ಅದು ಕೇಂದ್ರ ಸಂಸ್ಕೃತಿ ಸಚಿವಾಲಯದ್ದು, ನಡೆಸುವುದು ವಲಯ ಸಾಂಸ್ಕೃತಿಕ ಕೇಂದ್ರಗಳು. ನಮಗೆ ಬರುವುದು ತಂಜಾವೂರಿನ ದಕ್ಷಿಣ ವಲಯ ಕೇಂದ್ರ. ಕೇರಳ, ಕರ್ನಾಟಕ ಎರಡೂ ಅದರ ಕೆಳಗೇ ಇರುವುದರಿಂದ ‘ನೀವು ಆಚೆಯವರು’ ಅಂತ ಯಾರೂ ಹೇಳಲಿಕ್ಕಿಲ್ಲ. ನಾನು ನೋಡಿದ ದರದಲ್ಲಿ ತಿಂಗಳಿಗೆ ಗುರುವಿಗೆ 7500, ಪಕ್ಕವಾದ್ಯದವರಿಗೆ 3750, ಶಿಷ್ಯನಿಗೆ 1500 ರೂಪಾಯಿ. ಶಾಮಿಯಾನದ ಸುದ್ದಿಯೇ ಇಲ್ಲ.

ಎರಡನೆಯದು ಮಕ್ಕಳ ಹೆಸರಿನಲ್ಲಿ. ದೆಹಲಿಯ ಸಿಸಿಆರ್‌ಟಿ (ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ) ವಿದ್ಯಾರ್ಥಿವೇತನ, 10ರಿಂದ 14 ವರ್ಷದವರಿಗೆ. ವರ್ಷಕ್ಕೆ 3600 ರೂಪಾಯಿ, ಅದಲ್ಲದೆ ಗುರುವಿಗೆ ಕೊಡುವ ಫೀಸು ಬೇರೆ. ನೀವು ಫೀಸು ತೆಗೆದುಕೊಳ್ಳುವುದಿಲ್ಲ ಅಂದಿರಿ, ಇಲ್ಲಿ ಆ ದಾಕ್ಷಿಣ್ಯ ಬಿಡಿ. ಅದು ಮಗುವಿನ ಕಿಸೆಯಿಂದ ಬರುವುದಲ್ಲ.

ಮೂರನೆಯದು ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ. 2010ರ ಕಾಯ್ದೆಯಿಂದ ಆದದ್ದು, ಗಡಿಯಾಚೆಯ ಕನ್ನಡ ಸಂಘಗಳಿಗೂ ಕೊಡುತ್ತದೆ. ಇಲ್ಲಿ ಒಂದು ಸಣ್ಣ ಕಲ್ಲು ಕಾಲಿಗೆ ಸಿಗುತ್ತದೆ, ಮೊದಲೇ ಹೇಳುತ್ತೇನೆ. ಕರ್ನಾಟಕದ ಸಂಘಗಳ ನೋಂದಣಿ 1960ರ ಕಾಯ್ದೆಯಲ್ಲಿ. ನಮ್ಮ ಮಲಬಾರ್ ಕಡೆ ಇನ್ನೂ 1860ರ 21ನೇ ಕಾಯ್ದೆ. ಒಂದು ಎಂಟು, ಒಂದು ಒಂಬತ್ತು ಅಷ್ಟೇ ವ್ಯತ್ಯಾಸ, ಆದರೆ ಮೇಜಿನ ಆಚೆ ಕೂತ ಹೊಸ ಹುಡುಗನಿಗೆ ಅದು ಬೆರಳಚ್ಚಿನ ತಪ್ಪಿನ ಹಾಗೆ ಕಾಣುತ್ತದೆ. ನಮ್ಮ ವಾಚನಾಲಯದ ಅರ್ಜಿ ಹಾಗೆಯೇ ಒಮ್ಮೆ ತಿರುಗಿ ಬಂದಿತ್ತು. ಅರ್ಜಿಯ ಜತೆ ಒಂದು ವಿವರಣೆ ಪತ್ರ ಲಗತ್ತಿಸಿ.

ಇನ್ನೊಂದು. ಕೇರಳದ ಕಚೇರಿಗೆ ಬರೆಯುವುದಾದರೆ ಕನ್ನಡದಲ್ಲೇ ಬರೆಯಿರಿ. 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ತಮಿಳು, ಕನ್ನಡ ಅಲ್ಪಸಂಖ್ಯಾತರಿಗೆ ಆ ಹಕ್ಕು ಉಂಟು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಬರುತ್ತದಾ ಅಂತ ಕೇಳಬೇಡಿ. ಪ್ರತಿ ಇಟ್ಟುಕೊಳ್ಳಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಮೆಟ್ಟಿಲು ಇಳಿಯಬೇಡಿ.

*

ಬಣ್ಣದ ವೇಷ (ಸೀತಾಂಗೋಳಿ):

ಗುಮಾಸ್ತರ ಮಾತು ಸರಿಯೇ, ಆದರೆ ನನಗೆ ಈ ಸರ್ಕಾರಗಳ ಕಲಾಪ್ರೀತಿ ನೋಡಿದರೆ ನಗು ಬರುತ್ತದೆ. ಕರ್ನಾಟಕ ಯಕ್ಷಗಾನ ಅಕಾಡೆಮಿಯ ಅತಿ ದೊಡ್ಡ ಪ್ರಶಸ್ತಿಯ ಹೆಸರೇನು? ಪಾರ್ತಿಸುಬ್ಬ ಪ್ರಶಸ್ತಿ. ಒಂದು ಲಕ್ಷ ರೂಪಾಯಿ. ಪಾರ್ತಿಸುಬ್ಬ ಯಾರು? ನಮ್ಮ ಕುಂಬಳೆಯವ, ಕಣಿಪುರದ ಗೋಪಾಲಕೃಷ್ಣನನ್ನು ನೆನೆದು ರಾಮಾಯಣದ ಪ್ರಸಂಗ ಕಟ್ಟಿದವ. ಅವನ ಊರು ಇರುವುದು ಕೇರಳದಲ್ಲಿ. ಮಂಜೇಶ್ವರದ ಗೋವಿಂದ ಪೈಗಳಿಗೆ 1949ರಲ್ಲಿ ರಾಷ್ಟ್ರಕವಿ ಅಂತ ಬಿರುದು ಕೊಟ್ಟದ್ದು ಯಾರು? ಮದ್ರಾಸ್ ಸರ್ಕಾರ! ಏಳು ವರ್ಷ ಕಳೆದು 1956ರ ನವೆಂಬರ 1ಕ್ಕೆ ಅವರು ಕೂತ ಚಾವಡಿಯಲ್ಲೇ ಕೇರಳದವರಾದರು. ಈಗ ಅವರ ಮನೆಯ ಜಾಗದಲ್ಲಿ ಗಿಳಿವಿಂಡು ಅನ್ನುವ ಸ್ಮಾರಕ ನಿಂತಿದೆ, ಅದಕ್ಕೆ ಎರಡೂ ಸರ್ಕಾರದ ಹಣ ಸೇರಿದೆ. ಒಳ್ಳೆಯದೇ. ತೀರಿಹೋದವರ ವಿಷಯದಲ್ಲಿ ಗಡಿ ತಕರಾರು ಇಲ್ಲ, ಬದುಕಿರುವವ ಮುಚ್ಚಿಗೆಗೆ ಹಣ ಕೇಳಿದರೆ ‘ನಿಮ್ಮದು ಯಾವ ರಾಜ್ಯ?’

ನನ್ನ ಸಲಹೆ ಕೇಳಿದರೆ ಅರ್ಜಿ ಬಿಡಿ. ಆಟ, ಅಂದರೆ ಯಕ್ಷಗಾನ ಪ್ರದರ್ಶನ, ಬದುಕಿದ್ದು ಹರಕೆಯಿಂದ. ಊರಲ್ಲಿ ನಾಲ್ಕು ಮನೆ ಹಿಡಿಯಿರಿ, ಒಂದು ಮನೆಗೆ ಒಂದು ಮದ್ದಳೆ ಅಂತ ಮಾಡಿ.

*

ನಿವೃತ್ತ ಗುಮಾಸ್ತ:

ಬಣ್ಣದ ವೇಷದವರೆ, ಅಟ್ಟಹಾಸ ಚೆನ್ನಾಗಿದೆ. ಆದರೆ ಯಕ್ಷಗಾನದ ಅರ್ಥಧಾರಿ ಕುಂಬಳೆ ಸುಂದರ ರಾಯರು ಹುಟ್ಟಿದ್ದು ಗಡಿಯ ಈಚೆ, ಸುರತ್ಕಲ್‌ನ ಶಾಸಕರಾದದ್ದು ಆಚೆ. ನಮ್ಮವರಿಗೆ ಅಲ್ಲಿ ಜಾಗ ಇಲ್ಲ ಅಂತ ಒಂದೇ ಏಟಿಗೆ ಹೇಳಬೇಡಿ. ಮತ್ತೆ ಹರಕೆಯ ಆಟಕ್ಕೆ ಹಣ ಹುಟ್ಟುತ್ತದೆ, ಹರಕೆಯ ಕ್ಲಾಸು ಅಂತ ಯಾರೂ ಹೇಳಿಕೊಂಡದ್ದು ನಾನು ಕೇಳಿಲ್ಲ.

*

ಕನ್ನಡ ಟೀಚರ್ (ಮಂಜೇಶ್ವರ ಉಪಜಿಲ್ಲೆ):

ನಾನು ಬೇರೆ ಒಂದು ಬಾಗಿಲು ತೋರಿಸುತ್ತೇನೆ. ಅದಕ್ಕೆ ಮೊದಲು ಒಂದು ಸಂಗತಿ.

ಕೇರಳ ಶಾಲಾ ಕಲೋತ್ಸವದಲ್ಲಿ ಯಕ್ಷಗಾನ ಸ್ಪರ್ಧೆ ಉಂಟು, ಎಲ್ಲರಿಗೂ ಗೊತ್ತು. 2019ರಲ್ಲಿ ಅರುವತ್ತನೆಯ ಕಲೋತ್ಸವ ನಮ್ಮ ಜಿಲ್ಲೆಯ ಕಾಞಂಗಾಡಿನಲ್ಲೇ ಆಯಿತು, 239 ಸ್ಪರ್ಧೆ. ನಾನು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ನಮ್ಮ ಪಕ್ಕಕ್ಕೆ ತೆಂಕಣ ಜಿಲ್ಲೆಯ ಒಂದು ಶಾಲೆ. ಕೇದಗೆ ಮುಂದಲೆ ಕಟ್ಟಿಸಿಕೊಂಡು ಕೂತ ಒಂದು ಹುಡುಗಿ ಕೈಯಲ್ಲಿ ಚೀಟಿ ಹಿಡಿದು ಗುಣುಗುಟ್ಟುತ್ತಿದ್ದಳು. ಬಗ್ಗಿ ನೋಡಿದೆ. ಅರ್ಥ, ಅಂದರೆ ವೇಷಧಾರಿಯ ಮಾತು, ಪೂರ್ತಿ ಕನ್ನಡ, ಬರೆದದ್ದು ಮಲಯಾಳ ಲಿಪಿಯಲ್ಲಿ. ‘ಎಲವೋ’ ಅಂದರೆ ಏನು ಟೀಚರ್ ಅಂತ ಕೇಳಿದಳು. ಮಲಯಾಳದ ‘ಎಡಾ’ ಅಂದೆ, ಸ್ವಲ್ಪ ಗತ್ತು ಜಾಸ್ತಿ ಅಂದೆ. ಬಾಯಿಗೆ ಕೈ ಇಟ್ಟುಕೊಂಡು ನಕ್ಕಳು. ರಂಗಕ್ಕೆ ಹೋದ ಮೇಲೆ ಆ ‘ಎಲವೋ’ಗೆ ಬಂದ ಗತ್ತು ನಮ್ಮ ಕನ್ನಡದ ಮಕ್ಕಳಿಗೂ ಬರಲಿಲ್ಲ. ಆ ತಂಡಕ್ಕೆ ಹೇಳಿಕೊಟ್ಟವರು ನಮ್ಮ ಕಾಸರಗೋಡಿನವರೇ.

ಮಾಷ್ಟ್ರು ಕೇಳಿದ ಪ್ರಶ್ನೆಗೆ ಇದರಲ್ಲಿ ಅರ್ಧ ಉತ್ತರ ಉಂಟು. ಕಲೋತ್ಸವ ಯಾವ ತರಗತಿಗೂ ಹಣ ಕೊಡುವುದಿಲ್ಲ. ಆದರೆ ಸ್ಪರ್ಧೆ ಇರುವುದರಿಂದ ಶಾಲೆಗಳಿಗೆ ಗುರು ಬೇಕು, ಗುರುವಿಗೆ ಸಂಭಾವನೆ ಬೇಕು. ನಮ್ಮಲ್ಲಿ ಎಷ್ಟೋ ಮಂದಿಗೆ ಆ ಎರಡು ಮೂರು ತಿಂಗಳು ಕೈಯಲ್ಲಿ ನಾಲ್ಕು ಕಾಸು ಓಡಾಡುವುದು ಹಾಗೆ. ಕೊರತೆಯೂ ಉಂಟು: ಬಹುಮಾನದ ಪ್ರಸಂಗ ಒಂದನ್ನೇ ಅರೆದು ಕುಡಿಸುತ್ತಾರೆ, ಮರುವರ್ಷ ಆ ಮಗುವಿಗೆ ಬೇರೆ ಪದ ಕೊಟ್ಟರೆ ಕಾಲು ಏಳುವುದಿಲ್ಲ. ನಿಮ್ಮ ಶನಿವಾರದ ಕ್ಲಾಸಿಗೆ ಇದು ಒಗ್ಗುವುದಿಲ್ಲ.

ಇನ್ನು ಬಾಗಿಲು. ಕೇರಳಕ್ಕೆ ಅರುವತ್ತು ತುಂಬಿದ ನೆನಪಿಗೆ ಇಲ್ಲಿನ ಸಂಸ್ಕೃತಿ ಇಲಾಖೆ ‘ವಜ್ರಜೂಬಿಲಿ ಫೆಲೋಶಿಪ್’ ಶುರುಮಾಡಿತು, ಒಂದು ಸಾವಿರ ಯುವ ಕಲಾವಿದರಿಗೆ. ತಿಂಗಳು ತಿಂಗಳು ಹಣ, ಅದಕ್ಕೆ ಬದಲಾಗಿ ಅವರು ಪಂಚಾಯತು, ನಗರಸಭೆಗಳ ಮೂಲಕ ಜನರಿಗೆ ಉಚಿತವಾಗಿ ಕಲಿಸಬೇಕು. ನೀವು ಹುಡುಕುವ ‘ತರಗತಿ’ ಅನ್ನುವ ಶಬ್ದ ಇರುವ ಯೋಜನೆ ನನಗೆ ಕಂಡದ್ದು ಇದೊಂದೇ. ಮಾಷ್ಟ್ರೆ, ಬೇಜಾರು ಮಾಡಬೇಡಿ, ಅದು ನಿಮಗಲ್ಲ, ಯುವಕರಿಗೆ. ಹದಿನಾಲ್ಕು ವರ್ಷದಲ್ಲಿ ನಿಮ್ಮ ಕೈಯಲ್ಲಿ ಪಳಗಿದವರು ಯಾರಾದರೂ ಇದ್ದಾರಲ್ಲ? ಹೊಸ ಅಧಿಸೂಚನೆ ಬರುವಾಗ ಅವರಿಂದ ಅರ್ಜಿ ಹಾಕಿಸಿ, ತರಗತಿ ಅದೇ ಮಂದಿರದಲ್ಲಿ ನಡೆಯಲಿ. ಬ್ಲಾಕ್ ಪಂಚಾಯತಿನಲ್ಲಿ ವಿಚಾರಿಸಿ. ಕಣ್ಣೂರು ಚಿರಕ್ಕಲ್‌ನ ಫೋಕ್‌ಲೋರ್ ಅಕಾಡೆಮಿಗೂ ಒಮ್ಮೆ ಹೋಗಿ ಬನ್ನಿ. ಅಲ್ಲಿ ತೆಯ್ಯಂನವರದ್ದೇ ರಾಜ್ಯ ಅಂತ ನಮ್ಮವರು ಹೋಗುವುದೇ ಇಲ್ಲ. ಹೋಗದೆ ಸಿಗಲಿಲ್ಲ ಅಂತ ಹೇಳುವುದು ನಮ್ಮ ಹಳೆಯ ಚಾಳಿ.

*

ಮದ್ದಳೆ ಮಾಷ್ಟ್ರು:

ಎಲ್ಲರಿಗೂ ಉಪಕಾರ. ಮೂರು ವಾರ ಉತ್ತರ ಹಾಕಲಿಲ್ಲ, ಓಡಾಟದಲ್ಲಿದ್ದೆ.

ಟೀಚರ್ ಹೇಳಿದ್ದು ಮೊದಲು ಸ್ವಲ್ಪ ಕುಟುಕಿತು, ಆಮೇಲೆ ಸರಿ ಅನಿಸಿತು. ನನ್ನ ಹಳೆಯ ಶಿಷ್ಯ ಒಬ್ಬ ಇದ್ದಾನೆ, ಹಗಲು ಇಲೆಕ್ಟ್ರಿಕ್ ಕೆಲಸ, ರಾತ್ರಿ ಆಟಕ್ಕೆ ಚಂಡೆ. ‘ನೀನು ಗುರು ಅಂತ ಅರ್ಜಿ ಹಾಕು, ನಾನು ಬದಿಯಲ್ಲಿ ತಾಳ ಹಿಡಿದು ಕೂರುತ್ತೇನೆ’ ಅಂದೆ. ನಾಚಿಕೊಂಡು ಮಾತೇ ಆಡಲಿಲ್ಲ. ಮರುದಿನ ಬೆಳಿಗ್ಗೆ ಆಧಾರ್ ಕಾರ್ಡ್ ಹಿಡಿದುಕೊಂಡು ಅಂಗಳದಲ್ಲಿ ನಿಂತಿದ್ದ. ಅಧಿಸೂಚನೆ ಇನ್ನೂ ಬಂದಿಲ್ಲ ಮಗನೆ ಅಂತ ಚಾ ಕುಡಿಸಿ ಕಳಿಸಿದೆ.

ತಂಜಾವೂರಿಗೆ ಕಳಿಸಲಿಕ್ಕೆ ಇಂಗ್ಲಿಷಿನಲ್ಲಿ ಒಂದು ಪರಿಚಯಪತ್ರ ಬೇಕಾಯಿತು. ಪೇಟೆಯ ಒಂದು ಸೇವಾಕೇಂದ್ರದಲ್ಲಿ ಕೂತು ಮಾಡಿಸಿದೆ. ಹುಡುಗ ಚುರುಕು, ಆದರೆ ‘ಮುಚ್ಚಿಗೆ’ಗೆ ಏನು ಬರೆಯುವುದು ಅಂತ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕಡೆಗೆ ಫೋನಿನಲ್ಲಿದ್ದ ಹರಿದ ಮದ್ದಳೆಯ ಫೋಟೋ ತೋರಿಸಿದೆ. ‘ಓ, ಚೆಂಡೆಯ ವಟ್ಟ!’ ಅಂದ. ಅವನ ಅಜ್ಜ ದೇವಸ್ಥಾನದಲ್ಲಿ ಮೇಳ ಬಾರಿಸುತ್ತಿದ್ದರಂತೆ. ಅರ್ಜಿಗೆ ಇಪ್ಪತ್ತು ರೂಪಾಯಿ ಕಡಿಮೆ ತೆಗೆದುಕೊಂಡ. ಹದಿನಾಲ್ಕು ವರ್ಷದಲ್ಲಿ ನನ್ನ ಕ್ಲಾಸಿಗೆ ಸಿಕ್ಕಿದ ಮೊದಲ ರಿಯಾಯಿತಿ, ಬರೆದಿಟ್ಟಿದ್ದೇನೆ.

ಬಣ್ಣದ ವೇಷದವರ ಮಾತನ್ನೂ ಬಿಡಲಿಲ್ಲ. ನಾಲ್ಕು ಮನೆಗೆ ಹೋದೆ, ಒಂದು ಮನೆಯವರು ಒಂದು ಮದ್ದಳೆಯ ಮುಚ್ಚಿಗೆಗೆ ಒಪ್ಪಿದರು. ಮದ್ದಳೆಯ ಮೇಲೆ ಹೆಸರು ಬರೆಸಬೇಕಂತೆ. ಬರೆಸುತ್ತೇನೆ, ಸಣ್ಣ ಅಕ್ಷರದಲ್ಲಿ.

ಗುಮಾಸ್ತರು ಹೇಳಿದ ವಿದ್ಯಾರ್ಥಿವೇತನಕ್ಕೆ ಹತ್ತರಿಂದ ಹದಿನಾಲ್ಕರ ಒಳಗಿನವರು ನಮ್ಮಲ್ಲಿ ಹನ್ನೆರಡು ಮಂದಿ ಇದ್ದಾರೆ. ಮೊನ್ನೆ ಶನಿವಾರ ಎಲ್ಲರೂ ಜನನ ಪ್ರಮಾಣಪತ್ರದ ಜೆರಾಕ್ಸ್ ತರಬೇಕು ಅಂತ ಹೇಳಿದ್ದೆ. ಹನ್ನೊಂದು ಮಂದಿ ತಂದರು. ಒಬ್ಬ ಅಜ್ಜನ ರೇಷನ್ ಕಾರ್ಡ್ ತಂದ, ಅದೂ ಒರಿಜಿನಲ್, ಮಳೆಯಲ್ಲಿ ಚೊಪ್ಪೆ ಒದ್ದೆ. ಚಂಡೆಯ ಜತೆ ಅದನ್ನೂ ಒಲೆಯ ಬದಿಗೆ ಒಣಗಲಿಕ್ಕೆ ಇಟ್ಟೆವು.

ಅಂದ ಹಾಗೆ, ಪುತ್ತೂರಿನವರೆಗೆ ಹೋಗದೆ ಇಲ್ಲೇ ಹತ್ತಿರದಲ್ಲಿ ಕರ್ಣ ಹಾಕುವವರು ಯಾರಾದರೂ ಇದ್ದರೆ ತಿಳಿಸಿ.