ಹೊಸದಾಗಿ ಬಂದ ನಿರಾಶ್ರಿತ ಕುಟುಂಬ ಎಲ್ಲದಕ್ಕೂ 'ಹೂಂ' ಅನ್ನುತ್ತೆ, ಏನು ಮಾಡೋದು?

ಹೊಸಹೆಜ್ಜೆ:

ನಮಸ್ಕಾರ. ನಾವು ನಾಲ್ಕು ಜನ ಸ್ವಯಂಸೇವಕರು ಒಂದು ನಿರಾಶ್ರಿತ ಕುಟುಂಬದ ಜೊತೆ ಓಡಾಡುತ್ತಿದ್ದೇವೆ. ಗಂಡ, ಹೆಂಡತಿ, ಮೂರು ಮಕ್ಕಳು, ಗಂಡನ ತಾಯಿ. ಬಂದು ಏಳು ವಾರ ಆಯಿತು. ಮೊದಲ ಎರಡು ವಾರ ಹುರುಪಿನಲ್ಲೇ ಕಳೆಯಿತು, ಮನೆ ಸಾಮಾನು, ಶಾಲೆ, ಬ್ಯಾಂಕ್ ಖಾತೆ, ಸಿಮ್ ಕಾರ್ಡ್ ಎಲ್ಲ ಮುಗಿಸಿದೆವು. ಈಗ ಏನು ಹೇಳಿದರೂ "ಹೂಂ, ಅರ್ಥ ಆಯಿತು" ಅಂತಾರೆ, ಆದರೆ ಮುಂದಿನ ಸಲ ಹೋದರೆ ಕೆಲಸ ಹಾಗೇ ಉಳಿದಿರುತ್ತೆ. ಕಳೆದ ವಾರ ಬಾಗಿಲ ಹಿಂದಿನ ಮೊಳೆಗೆ ಒಂದು ಚೀಲ ನೇತಾಡುತ್ತಿತ್ತು. ನೋಡಿದರೆ ತೆರೆಯದ ಲಕೋಟೆಗಳು, ಹದಿನೆಂಟು! ಒಂದು ಆಸ್ಪತ್ರೆಯದು, ಅಜ್ಜಿಯ ಕಣ್ಣು ತೋರಿಸಲು ಕೊಟ್ಟ ದಿನ ಆಗಲೇ ದಾಟಿತ್ತು. ಯಾಕೆ ಹೇಳಲಿಲ್ಲ ಅಂದರೆ ಯಜಮಾನರು ಸುಮ್ನೆ ನಕ್ಕರು.

ನಮ್ಮಲ್ಲೇ ಎರಡು ಪಕ್ಷ ಆಗಿದೆ. ಒಬ್ಬರು ಎಲ್ಲದಕ್ಕೂ ತಮ್ಮ ಕಾರಲ್ಲೇ ಕರೆದುಕೊಂಡು ಹೋಗಿ, ಫಾರ್ಮ್ ತುಂಬಿ, ಸಹಿ ಎಲ್ಲಿ ಅಂತ ಬೆರಳಿಟ್ಟು ತೋರಿಸಿ, ವಾಪಸ್ ಬಿಡುತ್ತಾರೆ. ಇನ್ನೊಬ್ಬರು "ಹೀಗೆ ಮಾಡಿದರೆ ಅವರು ಯಾವತ್ತೂ ಕಲಿಯಲ್ಲ, ಬಿಟ್ಟುಬಿಡಿ" ಅಂತಾರೆ. ನಾನು ಮಧ್ಯೆ ಸಿಕ್ಕಿಕೊಂಡಿದ್ದೇನೆ. ಇನ್ನೊಂದು, ಹನ್ನೆರಡು ವರ್ಷದ ದೊಡ್ಡ ಮಗಳಿಗೆ ಶಿಬಿರದ ಶಾಲೆಯಲ್ಲೇ ಇಲ್ಲಿನ ಭಾಷೆ ಅಷ್ಟಿಷ್ಟು ಬಂದಿದೆ, ಹಾಗಾಗಿ ಡಾಕ್ಟರ ಹತ್ತಿರವೂ ಎಲ್ಲ ಮಾತು ಅವಳ ಮೂಲಕವೇ. ಇದು ಸರಿನಾ?

ಹಳೇಛತ್ರಿ:

ಆ ಚೀಲ ನಾನೂ ನೋಡಿದ್ದೇನೆ, ಬೇರೆ ಮನೆಯಲ್ಲಿ, ಫ್ರಿಜ್ಜಿನ ಮೇಲೆ. ಕಚೇರಿಯಿಂದ ಕಾಗದ ಬಂತು ಅಂದರೆ ಕೆಟ್ಟ ಸುದ್ದಿ ಅಂತಲೇ ಎಷ್ಟೋ ವರ್ಷ ಬದುಕಿದವರು, ತೆರೆಯದಿದ್ದರೆ ಅದು ಬಂದೇ ಇಲ್ಲ ಅನ್ನೋ ಲೆಕ್ಕ. ಸೋಮಾರಿತನ ಅಂದುಕೊಳ್ಳಬೇಡಿ. ವಾರಕ್ಕೊಂದು ದಿನ ಗೊತ್ತು ಮಾಡಿ, ಚೀಲವನ್ನು ಮೇಜಿನ ಮೇಲೆ ಸುರಿದು ಜೊತೆಯಲ್ಲಿ ಕೂತುಕೊಳ್ಳಿ. ಲಕೋಟೆ ಅವರೇ ಹರಿಯಲಿ. ಯಾರು ಕಳಿಸಿದ್ದು, ಯಾವ ತಾರೀಖು, ದುಡ್ಡಿನ ಅಂಕಿ ಏನಾದರೂ ಇದೆಯಾ, ಇಷ್ಟು ಹುಡುಕಲು ಬಂದರೆ ಸಾಕು, ಪೂರ್ತಿ ಓದಬೇಕಾಗಿಲ್ಲ. ಆ ಮನೆಯವರು ನಾಲ್ಕನೇ ವಾರ ಒಂದು ಬಣ್ಣದ ಹಾಳೆ ಎತ್ತಿ ನೋಡಿ, "ಜಾಹೀರಾತು" ಅಂತ ಅವರೇ ಬುಟ್ಟಿಗೆ ಎಸೆದರು. ನಾನು ಚಪ್ಪಾಳೆ ಹೊಡೆದುಬಿಟ್ಟೆ.

"ಅರ್ಥ ಆಯ್ತಾ" ಅಂತ ಕೇಳೋದು ಬಿಟ್ಟುಬಿಡಿ. ಇಷ್ಟು ಮಾಡಿದವರ ಮುಖಕ್ಕೆ ಯಾರು ತಾನೇ ಇಲ್ಲ ಅಂತಾರೆ? "ಸೋಮವಾರ ಹೊರಟಾಗ ಮೊದಲು ಏನು ಮಾಡ್ತೀರಿ, ಒಂದು ಸಲ ಹೇಳಿ" ಅಂತ ಕೇಳಿ. ಎಲ್ಲಿ ತಪ್ಪುತ್ತೆ ಅಂತ ಅಲ್ಲೇ ಗೊತ್ತಾಗುತ್ತೆ.

ಕಾರಿನವರೂ ಸರಿಯಿಲ್ಲ, ಬಿಟ್ಟುಬಿಡಿ ಅನ್ನೋರೂ ಸರಿಯಿಲ್ಲ, ಬೇಜಾರಾಗಬೇಡಿ. ನಾನು ಬಸ್ಸಿಗೆ ಮೊದಲ ಸಲ ಪಕ್ಕದಲ್ಲಿ ಕೂತೆ. ಎರಡನೇ ಸಲ ಹಿಂದಿನ ಸೀಟಲ್ಲಿ, ಅವರು ತಪ್ಪು ಸ್ಟಾಪಿನಲ್ಲಿ ಇಳಿದರೂ ಬಾಯಿ ಬಿಡದೆ ಜೊತೆಗೆ ಇಳಿದೆ. ಮೂರನೇ ಸಲ ಇಳಿಯೋ ಜಾಗದಲ್ಲಿ ಕಾಯುತ್ತಾ ನಿಂತೆ. ಸಮಯ ಜಾಸ್ತಿ ಹಿಡಿಯುತ್ತೆ, ನಿಜ. ಕೆನಡಾದಲ್ಲಿ ಸಾಮಾನ್ಯ ಜನ ಗುಂಪು ಸೇರಿ ನಿರಾಶ್ರಿತ ಕುಟುಂಬದ ಹೊಣೆ ಹೊರುವ ಪದ್ಧತಿ 1970ರ ದಶಕದಿಂದ ಇದೆ, ಅಲ್ಲಿ ಹೊಣೆಯ ಅವಧಿ ಸಾಮಾನ್ಯವಾಗಿ 12 ತಿಂಗಳು. ನಿಮ್ಮದು ಇನ್ನೂ ಏಳು ವಾರ!

ಮನೆ ತೋರಿಸುವಾಗ ಹೊಗೆಯ ಅಲಾರಂ ಮರೆಯಬೇಡಿ. ನಾವು ಒಲೆ, ವಾಷಿಂಗ್ ಮೆಷಿನ್ ಎಲ್ಲ ತೋರಿಸಿ ಅದೊಂದನ್ನು ಬಿಟ್ಟಿದ್ದೆವು. ರಾತ್ರಿ ಬ್ಯಾಟರಿ ಮುಗಿದು ಕೀಂ ಕೀಂ ಅಂತ ಶುರುವಾಯಿತಂತೆ. ಬೆಳಗ್ಗೆ ಹೋದರೆ ಆರೂ ಜನ ಶೂ ಹಾಕಿಕೊಂಡು ಬಾಗಿಲ ಪಕ್ಕ ಕೂತಿದ್ದಾರೆ, ಕಾಗದಪತ್ರದ ಚೀಲ ತಾಯಿಯ ಮಡಿಲಲ್ಲಿ.

ಗಡಿದಾಟಿದವ:

ಮಗಳ ವಿಷಯಕ್ಕೆ ನಾನು ಉತ್ತರ ಕೊಡ್ತೀನಿ, ಯಾಕೆಂದರೆ ಆ ಮಗಳ ಜಾಗದಲ್ಲಿ ನಾನಿದ್ದೆ. ನಮ್ಮ ಕುಟುಂಬ ನಿರಾಶ್ರಿತರಾಗಿ ಬಂದಾಗ ನನಗೆ ಹತ್ತು ವರ್ಷ, ಕನ್ನಡ ಎಲ್ಲ ಆಮೇಲೆ ಕಲಿತದ್ದು. ಒಂದು ಕಚೇರಿಯಲ್ಲಿ ಗುಮಾಸ್ತರು ಅಪ್ಪನ ಬಗ್ಗೆ ಒಂದು ಕೊಂಕು ಮಾತು ಆಡಿದರು. ಅಪ್ಪ ನನ್ನ ಕಡೆ ತಿರುಗಿ "ಏನಂತೆ?" ಅಂದರು. ನಾನು "ನಾಳೆ ಬನ್ನಿ ಅಂತಾರೆ" ಅಂದೆ. ಮರುದಿನ ನಿಜವಾಗಲೂ ಹೋದರು ಪಾಪ, ಕೆಲಸದ ಕೂಲಿ ಬಿಟ್ಟು.

ಡಾಕ್ಟರ ಹತ್ತಿರ ಇನ್ನೂ ಕಷ್ಟ. ಅಮ್ಮನಿಗೆ ಹೊಟ್ಟೆಯ ಕೆಳಗೆ ನೋವಿತ್ತು, ನನ್ನೆದುರು ಹೇಳಕ್ಕಾಗದೆ ಆರು ತಿಂಗಳು 'ತಲೆನೋವು' ಅಂತಲೇ ಹೇಳಿದರು. ಫೋನಿನಲ್ಲಿ ಸಿಗುವ ದುಭಾಷಿ ಇದ್ದರೆ ಕೇಳಿ, ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಹೇಳಬೇಕು. ಹೆಂಗಸರಿಗೆ ಹೆಂಗಸೇ ಬೇಕು ಅಂತಲೂ ಹೇಳಿ. ಭಾಷೆ ಒಂದೇ ಆದರೂ ಆ ಕಡೆಯವರು, ಈ ಕಡೆಯವರು ಅಂತ ಇರುತ್ತೆ, ಹಾಗಾಗಿ ಈ ದುಭಾಷಿ ಆಗಬಹುದಾ ಅಂತ ಕುಟುಂಬವನ್ನು ಮೊದಲೇ ಕೇಳಿ. ಮಗಳು ಅಂಗಡಿಯಲ್ಲಿ ಸಹಾಯ ಮಾಡಲಿ, ತೊಂದರೆ ಇಲ್ಲ.

ಮತ್ತೆ, ಅಲ್ಲಿ ಏನಾಯಿತು, ಹೇಗೆ ಬಂದಿರಿ ಅಂತ ದಯವಿಟ್ಟು ಕೆದಕಬೇಡಿ. ಅವರಾಗೇ ಹೇಳಿದರೆ ಕೇಳಿ. ಫೋಟೋ ಹಾಕೋ ಹುಚ್ಚು ಬೇಡ, ಊರಲ್ಲಿ ಉಳಿದವರಿಗೆ ಅದರಿಂದ ತೊಂದರೆ ಆಗಬಹುದು.

ಫಾರ್ಮ್‌ಪುರಾಣ:

ಕಾಗದದ ವಿಷಯ ಎರಡು ಮಾತು. ಪಾಸ್‌ಪೋರ್ಟ್ ಅವಧಿ ಮುಗಿದಿದೆ ಅಂತ ಅವರನ್ನು ಅವರ ದೇಶದ ರಾಯಭಾರ ಕಚೇರಿಗೆ ಕರೆದುಕೊಂಡು ಹೋಗಬೇಡಿ. ಒಳ್ಳೆಯ ಮನಸ್ಸಿನಿಂದಲೇ ಹೀಗೆ ಮಾಡುವವರಿದ್ದಾರೆ. 1951ರ ನಿರಾಶ್ರಿತರ ಒಪ್ಪಂದದ ಪ್ರಕಾರ, ಸ್ವಂತ ದೇಶದ ರಕ್ಷಣೆಯನ್ನು ತಾವಾಗಿ ಮತ್ತೆ ಪಡೆದುಕೊಂಡರೆ ನಿರಾಶ್ರಿತ ಸ್ಥಾನಮಾನವೇ ಹೋಗಬಹುದು. ಪ್ರಯಾಣಕ್ಕೆ ಬೇರೆ ದಾಖಲೆ ಇದೆ, ಅದೇ ಒಪ್ಪಂದದ 28ನೇ ವಿಧಿ. ಮೊದಲು ವಕೀಲರನ್ನು ಕೇಳಿ.

ಇನ್ನೊಂದು, ಮನೆಯಲ್ಲಿ ಇಬ್ಬರು ಮೂವರ ಹುಟ್ಟಿದ ದಿನ ಜನವರಿ 1 ಅಂತ ಇದ್ದರೆ ತಪ್ಪು ಅಂದುಕೊಂಡು ನೀವೇ ತಿದ್ದಬೇಡಿ. ದಿನ ಗೊತ್ತಿಲ್ಲದವರಿಗೆ ಹಾಗೆ ಬರೆಯುವುದು ಎಷ್ಟೋ ಕಡೆ ರೂಢಿ. ಹೆಸರಿನ ಕಾಗುಣಿತವೂ ಮೊದಲ ದಾಖಲೆಯಲ್ಲಿ ಹೇಗಿದೆಯೋ ಎಲ್ಲ ಕಡೆ ಹಾಗೇ ಬರೆಯಿರಿ. ಒಂದು ಅಕ್ಷರ ಬದಲಾದರೆ ಮುಂದೆ ತಿಂಗಳುಗಟ್ಟಲೆ ಅಲೆಯಬೇಕಾಗುತ್ತೆ.

ಹೊಸಹೆಜ್ಜೆ:

ಎಲ್ಲರಿಗೂ ಥ್ಯಾಂಕ್ಸ್. ಪಾಸ್‌ಪೋರ್ಟ್ ವಿಷಯ ಸರಿಯಾದ ಹೊತ್ತಿಗೆ ಹೇಳಿದಿರಿ, ಮುಂದಿನ ವಾರ ಹೋಗೋದು ಅಂತ ನಾವು ಮಾತಾಡಿಕೊಂಡಿದ್ದೆವು! ನಿನ್ನೆ ಚೀಲ ಸುರಿದೆವು. ಹದಿನೆಂಟರಲ್ಲಿ ಹನ್ನೊಂದು ಜಾಹೀರಾತು. ಅಜ್ಜಿಗೆ ಹೊಸ ದಿನ ಸಿಕ್ಕಿದೆ, ದುಭಾಷಿಯನ್ನೂ ಕೇಳಿದ್ದೇವೆ. ಈಗ ಕಾರಿನವರಿಗೆ ಬೇಜಾರಾಗದ ಹಾಗೆ ಹೇಗೆ ಹೇಳೋದು?

ಹಳೇಛತ್ರಿ:

ಅವರನ್ನೂ ಬಸ್ಸು ಹತ್ತಿಸಿ. ಹಿಂದಿನ ಸೀಟಿಗೆ.