ಅರ್ಜಿ ತುಂಬಿದೆ, ಕ್ಯಾಪ್ಚಾ ಹತ್ರ ಸಿಕ್ಕಿಹಾಕಿಕೊಂಡೆ

ಪ್ರಶ್ನೆ

ನನಗೆ ಕಣ್ಣು ಕಾಣಿಸುವುದಿಲ್ಲ. ಪರದೆಯಲ್ಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಸ್ಕ್ರೀನ್ ರೀಡರ್ ಬಳಸುತ್ತೇನೆ. ನಿನ್ನೆ ಒಂದು ಸರ್ಕಾರಿ ವೆಬ್‌ಸೈಟ್‌ನಲ್ಲಿ ಅರ್ಜಿ ಹಾಕಲು ಕೂತೆ. ಪ್ರತಿ ಖಾನೆಗೂ ಅದು ಬರೀ "ಎಡಿಟ್, ಬ್ಲಾಂಕ್" ಅನ್ನುತ್ತಿತ್ತು. ಹೆಸರಿನ ಖಾನೆಯೋ, ವಿಳಾಸದ್ದೋ ಗೊತ್ತಾಗಲಿಲ್ಲ. ಅಂದಾಜಿನ ಮೇಲೆ ತುಂಬಿದೆ. ಕೊನೆಗೆ ಚಿತ್ರದಲ್ಲಿರುವ ಅಕ್ಷರ ನೋಡಿ ಟೈಪ್ ಮಾಡಬೇಕಾದ ಕ್ಯಾಪ್ಚಾ! ಆಡಿಯೊ ಇಲ್ಲ. ಪಕ್ಕದ ಮನೆ ಹುಡುಗನನ್ನು ಕರೆಯುವಷ್ಟರಲ್ಲಿ ಸೆಷನ್ ಮುಗಿದು ಎಲ್ಲ ಅಳಿಸಿಹೋಯಿತು. ದೂರು ಕೊಡಬೇಕು. ಸುಮ್ನೆ "ಸರಿಯಿಲ್ಲ" ಅಂದರೆ ಯಾರು ಕೇಳುತ್ತಾರೆ? ಏನಂತ ಬರೆಯಲಿ?

ಉತ್ತರ 1

ನಾನು ವೆಬ್‌ಸೈಟ್ ಕಟ್ಟುವವನು. ಡಬ್ಲ್ಯೂಸಿಎಜಿ ಅಂದರೆ ಅಂಗವಿಕಲರೂ ವೆಬ್‌ಸೈಟ್ ಬಳಸುವಂತಿರಬೇಕು ಅನ್ನುವ ಮಾರ್ಗಸೂಚಿ. ಅದರ ನಿಯಮದ ಸಂಖ್ಯೆ ಹಾಕಿಯೇ ಬರೆಯಿರಿ, ಆಗ ದೂರು ಡೆವಲಪರ್ ಮೇಜಿಗೆ ಹೋಗುತ್ತದೆ. ಖಾನೆಗೆ ಹೆಸರಿಲ್ಲದ್ದು 4.1.2. ಕ್ಯಾಪ್ಚಾಗೆ ಬೇರೆ ದಾರಿ ಇಲ್ಲದ್ದು 1.1.1. ಸಮಯ ಮುಗಿಯುವ ಮೊದಲು ಎಚ್ಚರಿಸದಿದ್ದದ್ದು 2.2.1. ಅಲ್ಲಿ ಹೇಳಿರುವ ಒಂದು ಪರಿಹಾರ: ಎಚ್ಚರಿಸಿ, ಒಂದು ಕೀ ಒತ್ತಿ ಸಮಯ ಹೆಚ್ಚಿಸಿಕೊಳ್ಳಲು ಕನಿಷ್ಠ 20 ಸೆಕೆಂಡ್ ಕೊಡಬೇಕು. ಮೂರೂ 'ಎ' ಮಟ್ಟದವು, ಅಂದರೆ ತೀರಾ ಕನಿಷ್ಠ. ಖಾನೆಗೆ ಲೇಬಲ್ ಜೋಡಿಸುವುದು ಒಂದೇ ಸಾಲಿನ ಕೆಲಸ. ನಾನೂ ಎಷ್ಟೋ ವರ್ಷ ಮಾಡಿರಲಿಲ್ಲ, ನಾಚಿಕೆಯಾಗುತ್ತದೆ.

ಉತ್ತರ 2

ನನ್ನ ಕೈ ನಡುಗುತ್ತದೆ, ಮೌಸ್ ಹಿಡಿಯಲಾರೆ. ಟ್ಯಾಬ್ ಒತ್ತುತ್ತಾ ಹೋದರೆ ಕರ್ಸರ್ ಎಲ್ಲಿದೆ ಅಂತಲೇ ಕಾಣುವುದಿಲ್ಲ. ಅದು 2.4.7 ಅಲ್ವಾ? ನಿಮ್ಮ ದೂರಿನಲ್ಲಿ ಅದನ್ನೂ ಸೇರಿಸಿ.

ಪ್ರಶ್ನೆ ಕೇಳಿದವರು

ಸೇರಿಸಿದೆ. ದೂರು ಕೊಡುವ ಪುಟದಲ್ಲೂ ಅದೇ ಕ್ಯಾಪ್ಚಾ ಇದೆ. ಇಮೇಲ್ ಮಾಡುತ್ತೇನೆ.