ಪ್ಲಗ್ ಸರಿಯಾಗಿ ಕೂತಿದೆ, ಸ್ಪಾರ್ಕೂ ಬರ್ತಿದೆ, ಆದ್ರೂ ಬೈಕ್ ಮಿಸ್ಸಿಂಗ್

ತಿರುಗಾಡಿ:
150 ಸಿಸಿ, ಏರ್ ಕೂಲ್ಡ್, ಕಾರ್ಬ್ಯುರೇಟರ್ ಗಾಡಿ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಬೆಳಿಗ್ಗೆ ಚೋಕ್ ಎಳೆದ್ರೂ ಸ್ಟಾರ್ಟ್ ಆಗೋಕೆ ಸತಾಯಿಸುತ್ತೆ. ಅರ್ಧ ಥ್ರಾಟಲ್ ದಾಟಿದ್ರೆ ಮಿಸ್ಸಿಂಗ್, ಅಂದ್ರೆ ಇಂಜಿನ್ ನಡುನಡುವೆ ತಡವರಿಸುತ್ತೆ, ಏರಿನಲ್ಲಿ ಎಳೆಯೋದೇ ಇಲ್ಲ. ಏರ್ ಫಿಲ್ಟರ್ ಹೊಸದು ಹಾಕಾಯ್ತು, ಕಾರ್ಬ್ಯುರೇಟರ್ ಬಿಚ್ಚಿ ತೊಳೆಸಿದ್ದೂ ಆಯ್ತು. ಪ್ಲಗ್ ತೆಗೆದು ನೋಡಿದ್ರೆ ತುದಿ ಕಪ್ಪಗಿದೆ, ಮುಟ್ಟಿದ್ರೆ ಒಣ ಮಸಿ. ಉಜ್ಜಿ ಹಾಕಿದ್ರೆ ಸ್ವಲ್ಪ ದೂರ ಸರಿಯಾಗಿ ಓಡುತ್ತೆ, ಆಮೇಲೆ ಅದೇ ರಾಗ. ಹೊರಗೆ ಇಂಜಿನ್‌ಗೆ ತಾಗಿಸಿ ಕಿಕ್ ಹೊಡೆದ್ರೆ ಸ್ಪಾರ್ಕ್ ಚೆನ್ನಾಗಿ ಬರ್ತಿದೆ. ‘ಬಿಸಿ ಪ್ಲಗ್’ ಹಾಕಿದ್ರೆ ಮಸಿ ತಾನೇ ಸುಟ್ಟು ಹೋಗುತ್ತೆ ಅಂತ ಒಬ್ಬರು ಹೇಳಿದ್ರು. ಹಾಕಬಹುದಾ?

ಚೈನ್ ಸ್ಪ್ರಾಕೆಟ್:
ಒಣ ಮಸಿ ಅಂದ್ರೆ ಪೆಟ್ರೋಲ್ ಜಾಸ್ತಿ ಹೋಗ್ತಿದೆ. ಚೋಕ್ ಪೂರ್ತಿ ವಾಪಸ್ ಹೋಗ್ತಿದೆಯಾ, ಫ್ಲೋಟ್ ಲೆವೆಲ್ (ಕಾರ್ಬ್ಯುರೇಟರ್ ಒಳಗಿನ ಪೆಟ್ರೋಲ್ ಮಟ್ಟ) ಸರಿ ಇದೆಯಾ ನೋಡಿ. ಎಣ್ಣೆಯ ಜಿಡ್ಡಿದ್ರೆ ಮಾತ್ರ ಪಿಸ್ಟನ್ ರಿಂಗು, ವಾಲ್ವ್ ಸೀಲ್ ಕಡೆ ಅನುಮಾನ ಪಡಬೇಕು.

ಹದಿನಾರರ ಪಾನಾ:
ಕಾರ್ಬ್ಯುರೇಟರ್‌ಗೆ ಮತ್ತೆ ಕೈ ಹಾಕೋ ಮೊದಲು ಪ್ಲಗ್ ಮೇಲಿನ ನಂಬರ್ ಪೂರ್ತಿ ಬರೀರಿ, ಒಂದಕ್ಷರವೂ ಬಿಡಬೇಡಿ. ಮ್ಯಾನ್ಯುಯಲ್‌ನಲ್ಲಿ ಏನಿದೆ ಅನ್ನೋದನ್ನೂ ಬರೀರಿ. ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ನಾನು ಮೊದಲು ನೋಡೋದು ಇದನ್ನೇ.

ಹೊರಗೆ ಸ್ಪಾರ್ಕ್ ಬಂತು ಅಂತ ನಂಬ್ಕೊಂಡು ಕೂರಬೇಡಿ. ತೆರೆದ ಗಾಳಿಯಲ್ಲಿ ಕಿಡಿ ಹಾರೋಕೆ ಕಡಿಮೆ ವೋಲ್ಟೇಜ್ ಸಾಕು. ಸಿಲಿಂಡರ್ ಒಳಗೆ ಮಿಶ್ರಣ ಒತ್ತಡದಲ್ಲಿರೋವಾಗ ಅದೇ ಗ್ಯಾಪ್ ದಾಟೋಕೆ ಎಷ್ಟೋ ಪಟ್ಟು ಹೆಚ್ಚು ಬೇಕು. ಹೊರಗೆ ಕಿಡಿ ಬಾರದಿದ್ರೆ ಏನೋ ಕೆಟ್ಟಿದೆ ಅಂತ ಗೊತ್ತಾಗುತ್ತೆ. ಬಂದ್ರೆ ಅಷ್ಟರಿಂದಲೇ ಎಲ್ಲ ಸರಿ ಇದೆ ಅನ್ನೋಕಾಗಲ್ಲ. ಇನ್ನೊಂದು, ಹಾಗೆ ನೋಡುವಾಗ ಪ್ಲಗ್ಗನ್ನ ತೂತಿನಿಂದ ದೂರ ಹಿಡೀರಿ. ಅಲ್ಲಿಂದ ಬರೋದು ಪೆಟ್ರೋಲ್ ಆವಿ.

ತಿರುಗಾಡಿ:
ಹಳೇ ಓನರ್ ಹಾಕ್ಸಿದ್ದು ಸಿಆರ್7ಎಚ್‌ಎಸ್‌ಎ. ಮ್ಯಾನ್ಯುಯಲ್‌ನಲ್ಲಿ ಸಿಪಿಆರ್8ಇಎ-9 ಅಂತಿದೆ. ಎರಡೂ ಎನ್‌ಜಿಕೆ ಕಂಪನಿಯವೇ, ಎರಡಕ್ಕೂ 16ರ ಪಾನಾ, ದಪ್ಪವೂ ಒಂದೇ. ಕೂತಿದ್ದೂ ಗಟ್ಟಿಯಾಗೇ ಕೂತಿದೆ. ಅಕ್ಷರ ಬೇರೆ ಆದ್ರೆ ಅಷ್ಟೊಂದು ವ್ಯತ್ಯಾಸ ಆಗುತ್ತಾ ಸರ್?

ಹದಿನಾರರ ಪಾನಾ:
ಆಗುತ್ತೆ. ನಿಮ್ಮ ರೋಗ ಇರೋದೇ ಅಲ್ಲಿ ಅನ್ಸುತ್ತೆ.

ಎನ್‌ಜಿಕೆ ಲೆಕ್ಕದಲ್ಲಿ ಮೊದಲ ‘ಸಿ’ ಅಂದ್ರೆ 10 ಮಿ.ಮೀ. ಥ್ರೆಡ್. ಅದು ಎರಡರಲ್ಲೂ ಇದೆ, ಅದಕ್ಕೇ ಕೂತ್ಕೊಂಡಿದೆ. ‘ಆರ್’ ಅಂದ್ರೆ ಒಳಗೆ ರೆಸಿಸ್ಟರ್ ಇದೆ, ಅದೂ ಎರಡರಲ್ಲೂ ಇದೆ. ಈಗ ಅಂಕಿಯ ನಂತರದ ಅಕ್ಷರ ನೋಡಿ. ‘ಎಚ್’ ಅಂದ್ರೆ ಥ್ರೆಡ್ಡಿನ ಉದ್ದ 12.7 ಮಿ.ಮೀ., ‘ಇ’ ಅಂದ್ರೆ 19 ಮಿ.ಮೀ. ಸಿಲಿಂಡರಿನ ಮೇಲೆ ಮುಚ್ಚಳದಂತಿರೋ ಹೆಡ್ಡಿನ ತೂತು 19ಕ್ಕೆ ಕೊರೆದಿದ್ದು, ಒಳಗಿರೋ ಪ್ಲಗ್ 6 ಮಿ.ಮೀ.ಗಿಂತ ಹೆಚ್ಚು ಗಿಡ್ಡ. ಸಾಲದ್ದಕ್ಕೆ ನಿಮ್ಮ ಗಾಡಿಗೆ ಬೇಕಾದ್ದರಲ್ಲಿ ‘ಪಿ’ ಇದೆ, ಅಂದ್ರೆ ಇನ್ಸುಲೇಟರ್ ಮೂತಿ ಮುಂದಕ್ಕೆ ಚಾಚಿರುತ್ತೆ. ಈಗ ಕಿಡಿ ಹಾರ್ತಿರೋದು ದಹನ ಕೋಣೆಯಲ್ಲಲ್ಲ, ತೂತಿನೊಳಗೆ. ಅಲ್ಲಿಗೆ ಹೊಸ ಮಿಶ್ರಣ ಸರಿಯಾಗಿ ತಲುಪಲ್ಲ, ಬೆಂಕಿ ಹಬ್ಬೋದೂ ತಡ. ಮಸಿ ಕೂರದೆ ಇನ್ನೇನು?

ಬಿಸಿ ಪ್ಲಗ್ ಸಲಹೆ ಕೊಟ್ಟವರಿಗೆ ಹೇಳಿ, ಈಗಿರೋದೇ ಬಿಸಿ ಪ್ಲಗ್, ಅಂದ್ರೆ ಮೂತಿಯ ಶಾಖವನ್ನ ಬೇಗ ಬಿಟ್ಟುಕೊಡದ ಪ್ಲಗ್. ಎನ್‌ಜಿಕೆ, ಡೆನ್ಸೊ ನಂಬರಿನಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ತಂಪು, ಹಾಗಾಗಿ 8ಕ್ಕಿಂತ 7 ಬಿಸಿ. ಬಾಷ್, ಚಾಂಪಿಯನ್‌ನಲ್ಲಿ ಇದೇ ಲೆಕ್ಕ ತಿರುಗುಮುರುಗು, ಬ್ರ್ಯಾಂಡ್ ಬದಲಾಯಿಸುವಾಗ ಎಡವೋದು ಇಲ್ಲೇ. ಮೂತಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಿದ್ರೆ ಮಸಿ ತಾನಾಗಿ ಸುಟ್ಟು ಹೋಗುತ್ತೆ. 800 ದಾಟಿದ್ರೆ ಮೂತಿಯೇ ಕೆಂಡವಾಗಿ, ಕಿಡಿ ಬರೋ ಮೊದಲೇ ಮಿಶ್ರಣಕ್ಕೆ ಬೆಂಕಿ ಹತ್ತುತ್ತೆ. ಪಿಸ್ಟನ್ ತಲೆ ತೂತು ಬೀಳೋದು ಹಾಗೆ. ಮಸಿಗೆ ಮದ್ದು ಅಂತ ಇನ್ನೂ ಬಿಸಿ ಪ್ಲಗ್ ಹಾಕೋದನ್ನ ನಾನಂತೂ ಒಪ್ಪಲ್ಲ.

ಮ್ಯಾನ್ಯುಯಲ್‌ನಲ್ಲಿರೋದನ್ನೇ ತನ್ನಿ. ಆದ್ರೆ ಒಂದು ಎಚ್ಚರಿಕೆ. ಗಿಡ್ಡ ಪ್ಲಗ್ ಇದ್ದಾಗ ಖಾಲಿ ಬಿದ್ದಿದ್ದ ಒಳಗಿನ ಥ್ರೆಡ್‌ನಲ್ಲಿ ಕಾರ್ಬನ್ ಕಟ್ಟಿರುತ್ತೆ. ಹೊಸದು ಅಲ್ಲಿಗೆ ಬಂದು ಬಿಗಿಯಾದ್ರೆ ಪಾನಾ ಹಾಕಿ ಒತ್ತಬೇಡಿ. ಹೆಡ್ ಅಲ್ಯೂಮಿನಿಯಂ, ಪ್ಲಗ್ ಉಕ್ಕು. ಜಗಳದಲ್ಲಿ ಸೋಲೋದು ಹೆಡ್ಡೇ.

ತಿರುಗಾಡಿ:
ಹೊಸದು ತಂದೆ. ನೀವು ಹೇಳಿದ ಹಾಗೇ ಆಯ್ತು, ಮುಕ್ಕಾಲು ಭಾಗ ಬೆರಳಲ್ಲೇ ಹೋಯ್ತು, ಆಮೇಲೆ ಬಿಗಿ. ಅಲ್ಲಿಗೇ ನಿಲ್ಲಿಸಿದೀನಿ.

ಹದಿನಾರರ ಪಾನಾ:
ಒಳ್ಳೇದಾಯ್ತು, ವಾಪಸ್ ತೆಗೀರಿ. ಥ್ರೆಡ್ ಚೇಸರ್ (ಥ್ರೆಡ್ ಶುಚಿ ಮಾಡೋ ಸಾಧನ) ಇದ್ರೆ ಅದನ್ನ ಬಳಸಿ. ಇಲ್ಲದಿದ್ರೆ ಹಳೇ ಕಾಲದ ಉಪಾಯ ಇದೆ: 19 ಮಿ.ಮೀ. ಉದ್ದದ, 10 ಮಿ.ಮೀ. ಥ್ರೆಡ್ಡಿನ ಯಾವುದಾದರೂ ಹಳೇ ಪ್ಲಗ್ ಹುಡುಕಿ, ಥ್ರೆಡ್‌ಗೆ ಅಡ್ಡವಾಗಿ, ಮೇಲಿಂದ ಕೆಳಗೆ ಎರಡು ಮೂರು ಕಡೆ ಗರಗಸದಲ್ಲಿ ಗೀರು ಹಾಕಿ, ಅಂಚಿನ ಚೂರುಗಳನ್ನ ಅರದಲ್ಲಿ ತೆಗೆದು, ಗೀರಿನಲ್ಲಿ ಗ್ರೀಸ್ ತುಂಬಿ. ಅರ್ಧ ಸುತ್ತು ಒಳಗೆ, ಕಾಲು ಸುತ್ತು ಹೊರಗೆ. ಆಗಾಗ ಪೂರ್ತಿ ಹೊರತೆಗೆದು ಒರೆಸಿ ಹೊಸ ಗ್ರೀಸ್ ತುಂಬಿ. ಕಾರ್ಬನ್ ಗ್ರೀಸಿಗೆ ಅಂಟಿ ಹೊರಗೆ ಬರುತ್ತೆ. ಕೊನೆಗೆ ಇಗ್ನಿಷನ್ ಆಫ್ ಮಾಡಿ, ಪ್ಲಗ್ ಇಲ್ಲದೆ ಕಿಕ್ಕರ್ ಒತ್ತಿದ್ರೆ ಉಳಿದ ಪುಡಿ ಗಾಳಿಯ ಜೊತೆ ಹಾರುತ್ತೆ, ಮುಖ ಅಡ್ಡ ಇಡಬೇಡಿ. ಇಂಜಿನ್ ತಣ್ಣಗಿರೋವಾಗಲೇ ಇದೆಲ್ಲ.

ಚೈನ್ ಸ್ಪ್ರಾಕೆಟ್:
ಹೊಸ ಪ್ಲಗ್ ಹಾಕುವಾಗ ಥ್ರೆಡ್‌ಗೂ ಒಂಚೂರು ಗ್ರೀಸ್ ಹಚ್ಚಿದ್ರೆ ಮುಂದೆ ಬಿಚ್ಚೋಕೆ ಸಲೀಸು, ಅಲ್ವಾ?

ಹದಿನಾರರ ಪಾನಾ:
ನಾನು ಹಚ್ಚಲ್ಲ. ಈಗಿನ ಪ್ಲಗ್‌ಗಳ ಥ್ರೆಡ್‌ಗೆ ಲೇಪನ ಇರುತ್ತೆ. ಅದರ ಮೇಲೆ ಜಿಡ್ಡು ಸೇರಿದ್ರೆ ಅದೇ ಟಾರ್ಕ್‌ಗೆ ಪ್ಲಗ್ ಬೇಕಾದ್ದಕ್ಕಿಂತ ಹೆಚ್ಚು ಬಿಗಿಯುತ್ತೆ. 10 ಮಿ.ಮೀ. ಪ್ಲಗ್‌ಗೆ 10ರಿಂದ 12 ನ್ಯೂಟನ್ ಮೀಟರ್ ಸಾಕು, ಅದು ಒಂದು ಕೈಯ ಹಗುರ ಎಳೆತ. ಟಾರ್ಕ್ ವ್ರೆಂಚ್ ಇಲ್ಲದಿದ್ರೆ ವಾಷರ್ ತಾಗೋವರೆಗೂ ಬೆರಳಲ್ಲೇ ತಿರುಗಿಸಿ, ಆಮೇಲೆ ಪಾನಾದಲ್ಲಿ ಸುಮಾರು ಅರ್ಧ ಸುತ್ತು. ಪೊಟ್ಟಣದ ಮೇಲೆ ಚಿತ್ರ ಇದ್ರೆ ಅದರಂತೆ ಮಾಡಿ. ಈ ಅರ್ಧ ಸುತ್ತು ಹೊಸ ಪ್ಲಗ್‌ಗೆ ಮಾತ್ರ. ಒಮ್ಮೆ ಬಿಗಿದ ಪ್ಲಗ್ಗನ್ನೇ ಮತ್ತೆ ಹಾಕುವಾಗ ವಾಷರ್ ಆಗಲೇ ಚಪ್ಪಟೆಯಾಗಿರುತ್ತೆ, ಗಡಿಯಾರದ ಗಂಟೆ ಮುಳ್ಳು ಒಂದು ಗಂಟೆಯಲ್ಲಿ ಸರಿದಷ್ಟು ತಿರುಗಿಸಿದ್ರೆ ಮುಗೀತು.

ಗ್ಯಾಪ್ ಫೀಲರ್ ಗೇಜ್‌ನಲ್ಲಿ ನೋಡ್ಕೊಳ್ಳಿ. ಕೊನೆಯ ‘-9’ ಅಂದ್ರೆ 0.9 ಮಿ.ಮೀ. ಪೆಟ್ಟಿಗೆಯಿಂದ ತೆಗೆದದ್ದು ಸರಿಯಾಗೇ ಇರುತ್ತೆ, ಕೆಳಗೆ ಬಿದ್ದಿದ್ರೆ ಹೇಳೋಕಾಗಲ್ಲ. ಪ್ಲಗ್ ತಲೆಯ ಮೇಲಿನ ಪುಟ್ಟ ನಟ್ ಕೈಯಲ್ಲಿ ಅಲ್ಲಾಡ್ತಿದ್ರೆ ಬಿಗಿ ಮಾಡಿ, ಕ್ಯಾಪ್ ಟಕ್ ಅಂತ ಕೂರಬೇಕು. ಸಡಿಲ ಕ್ಯಾಪ್ ಕೂಡ ಮಿಸ್ಸಿಂಗ್ ಕೊಡುತ್ತೆ.

ಮಳೆಗಾಡಿ:
ಮಧ್ಯೆ ಬಾಯಿ ಹಾಕ್ತಿದೀನಿ. ಇಷ್ಟೆಲ್ಲ ಮಾಡುವಾಗ ಇರಿಡಿಯಂ ಹಾಕೋದು ಒಳ್ಳೇದಲ್ವಾ?

ಹದಿನಾರರ ಪಾನಾ:
ಹಾಕಬಹುದು, ಆದ್ರೆ ಉದ್ದ, ಹೀಟ್ ರೇಂಜ್ (ಬಿಸಿ-ತಂಪಿನ ಅಂಕಿ), ರೆಸಿಸ್ಟರ್ ಎಲ್ಲಾ ಮ್ಯಾನ್ಯುಯಲ್‌ನ ಪ್ಲಗ್‌ಗೇ ಸಮನಾಗಿರೋದು ಹುಡುಕಿ. ತೆಳು ತುದಿಯಿಂದ ಕಿಡಿ ಕಡಿಮೆ ವೋಲ್ಟೇಜ್‌ಗೇ ಹಾರುತ್ತೆ, ಬಾಳಿಕೆಯೂ ಜಾಸ್ತಿ. ಅದಕ್ಕೆ ತಂತಿ ಬ್ರಷ್ ಮುಟ್ಟಿಸಬಾರದು. ಪೆಟ್ರೋಲ್ ಜಾಸ್ತಿ ಹೋಗೋ ಗಾಡಿಗೆ ಅದು ಮದ್ದಲ್ಲ, ದುಬಾರಿ ಪ್ಲಗ್ ಮೇಲೂ ಮಸಿ ಕೂರುತ್ತೆ ಅಷ್ಟೇ.

ತಿರುಗಾಡಿ:
ಗ್ರೀಸ್ ಉಪಾಯ ಕೆಲಸ ಮಾಡ್ತು, ಕರ್ರಗೆ ರಾಶಿ ಕಾರ್ಬನ್ ಬಂತು. ಹೊಸ ಪ್ಲಗ್ ವಾಷರ್ ತಾಗೋವರೆಗೂ ಬೆರಳಲ್ಲೇ ಇಳೀತು. ಮಿಸ್ಸಿಂಗ್ ಹೋಯ್ತು, ಏರಿನಲ್ಲಿ ಎಳೀತಿದೆ. ಆದ್ರೆ ಈಗ ಐಡ್ಲಿಂಗ್ ಜೋರಾಗಿದೆ, ಸಿಗ್ನಲ್‌ನಲ್ಲಿ ನಿಂತಾಗ ಕಿರುಚುತ್ತೆ.

ಹದಿನಾರರ ಪಾನಾ:
ಹಳೇ ಪ್ಲಗ್ ಜೊತೆ ಗಾಡಿ ಆಫ್ ಆಗದಿರಲಿ ಅಂತ ಯಾರೋ ಐಡ್ಲಿಂಗ್ ಸ್ಕ್ರೂ ಏರಿಸಿದ್ದಾರೆ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಮ್ಯಾನ್ಯುಯಲ್‌ನ ಆರ್‌ಪಿಎಂಗೆ ಇಳಿಸಿ. ಒಂದಷ್ಟು ದಿನ ಓಡಿಸಿ ಪ್ಲಗ್ ಬಣ್ಣ ನೋಡಿ. ಬರೀ ಐಡ್ಲಿಂಗ್‌ನಲ್ಲಿ ಬಿಟ್ಟು ನೋಡಬೇಡಿ, ಕಪ್ಪಗೇ ಕಾಣುತ್ತೆ. ಚೆನ್ನಾಗಿ ಓಡಿಸಿ, ನಿಲ್ಲಿಸಿ, ತಣ್ಣಗಾದ ಮೇಲೆ ತೆಗೀರಿ. ತೆಳು ಕಂದು ಅಥವಾ ಬೂದಿ ಬಣ್ಣ ಇದ್ರೆ ಮುಟ್ಟೋಕೆ ಹೋಗಬೇಡಿ. ಆಗಲೂ ಮಸಿ ಇದ್ರೆ ಚೈನ್ ಸ್ಪ್ರಾಕೆಟ್ ಅವರು ಹೇಳಿದ ಫ್ಲೋಟ್ ಲೆವೆಲ್ ನೋಡೋಣ.